ಕಲ್ಲಿನ ರಥದ ಮೇಲಿನ ಗೋಪುರ

(ಮುನಿರಾಬಾದಿನ ತುಂಗಭದ್ರಾ ಡ್ಯಾಮ್ ಕಾಲೊನಿ. ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆ. ಮೇಜಿನ ಮೇಲೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಹಂಪಿಯ ಕಲ್ಲಿನ ರಥದ ಚಿತ್ರ. ಎದುರಿಗೆ ಕಿನ್ನಾಳದ ಚಿತ್ರಗಾರ.)

ಮಾಸ್ತರ: ರಥದ ನೆತ್ತಿ ನೋಡು ತಮ್ಮಾ. ಇಟ್ಟಂಗಿ ಗೋಪುರ ಐತಿ. ಈಗ ವಿಠ್ಠಲ ಗುಡಿಗೆ ಹೋದ್ರ ಅದು ಇಲ್ಲ. ಈ ಕಾಗದ ಇಲ್ದಿದ್ರ, ಗೋಪುರ ಇತ್ತು ಅಂದ್ರ ಯಾರು ನಂಬ್ತಿದ್ರು?

ಚಿತ್ರಗಾರ: ಯಾರೂ ನಂಬ್ತಿದ್ದಿಲ್ರಿ. ಆದ್ರ ಸರ, ಇಂಥಾ ಹಳೇ ಫೋಟೋದಾಗ ಮಂದೀನ ಅಪರೂಪ. ಹಂಪಿ ಅಷ್ಟು ಬಿಕೋ ಅಂತಿತ್ತೇನ್ರಿ?

ಮಾಸ್ತರ: ಅದು ಕಾಗದದ ಗುಣ. ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ಮ್ಯಾಲ ಫೋಟೋ ತೆಗೀತಿದ್ದ. ಬೆಳಕು ಹತ್ತಾಕ ನಿಮಿಷಗಟ್ಟಲೆ ಬೇಕು. ಅಲ್ಲಾಡದಂಗ ನಿಂತಾವ್ರು ಮೂಡ್ತಾರ, ನಡಕೊಂಡು ಹೋದಾವ್ರು ಅಳಿಸಿ ಹೋಗ್ತಾರ.

ಚಿತ್ರಗಾರ: ಹಂಗಾದ್ರ ಪಾಳು ಅನ್ನೋದರಾಗ ಅರ್ಧ ಊರಿನದು, ಅರ್ಧ ಕಾಗದದ್ದು.

ಮಾಸ್ತರ: ಬರೇ ಕಾಗದದ ಮ್ಯಾಲ ಹಾಕಬ್ಯಾಡ. ಅದಕ್ಕೂ ಮೊದಲ, 1799ರ ಹೊತ್ತಿಗೆ, ಕಾಲಿನ್ ಮೆಕೆಂಜಿ ಬಂದು ಹಂಪಿ ನಕ್ಷೆ ಮಾಡಿಸಿದ, ಜಲವರ್ಣದಾಗ ನೋಟ ಬರೆಸಿದ. ಕುಂಚಕ್ಕ ಅಂಥಾ ಅಡ್ಡಿ ಏನಿಲ್ಲ. ಆದ್ರ ಅಂವ ಸರ್ವೇದಾಂವ. ನೆಲ ಅಳ್ಯಾಕ ಬಂದಾಂವ ಮೊದಲ ನೆಲಾನ ನೋಡ್ತಾನ.

ಚಿತ್ರಗಾರ: ನಮ್ಮಾವ್ರು ಮಂದಿ ನೋಡಿದ್ರು. ವಿರೂಪಾಕ್ಷನ ಮಂಟಪದ ಛತ್ತು ನೋಡ್ರಿ. ವಿದ್ಯಾರಣ್ಯರು ಪಲ್ಲಕ್ಕ್ಯಾಗ ಹೊಂಟಾರ, ಹಿಂದ ಮುಂದ ಆನಿ, ಕುದರಿ, ಸಾಲುಗಟ್ಟಿ ಆಳು. ಅದು ಕಿನ್ನಾಳದ ಹಿರ್ಯಾರ ಕೈಕೆಲಸ ಅಂತ ನಮ್ಮ ಕಡೆ ಮಾತು. ಮೆರವಣಿಗಿ ಇದ್ದಲ್ಲಿ ಊರು ಇದ್ದಂಗ.

ಮಾಸ್ತರ: ಆ ಬಣ್ಣ ಯಾವ ಕಾಲದ್ದು? ಒಬ್ಬರು ವಿಜಯನಗರದ್ದು ಅಂತಾರ, ಇನ್ನೊಬ್ಬರು ಹತ್ತೊಂಬತ್ತನೇ ಶತಮಾನಕ್ಕ ತರ್ತಾರ. ನಿಮ್ಮಾವ್ರು ಹಳೇದರ ಮ್ಯಾಲ ಹೊಸಾದು ಬಳೀತಾರ, ತಾರೀಖು ಬರಿಯೂದಿಲ್ಲ. ಗ್ರೀನ್‌ಲಾ ಒಮ್ಮೆ ತೆಗೆದ, ಕೈ ಬಿಟ್ಟ. ಅದಕ್ಕ ಅಂವನ ಸಾಕ್ಷಿ ನಿಲ್ತೈತಿ.

ಚಿತ್ರಗಾರ: ದೇವರ ಮೂರ್ತಿ ಬಣ್ಣ ಹೋತಂದ್ರ ಮತ್ತ ನಮ್ಮ ಕಡೇನ ತರ್ತಾರ. ಹುಣಸಿ ಬೀಜದ ಅಂಟು ಅರದು, ಕಿಟ್ಟ ಅನ್ನೋ ಲೇಪ ಹಚ್ಚಿ, ಒಣಗಿಸಿ, ಬಣ್ಣ ಕೊಡ್ತೀವಿ. ನಾಳೆ ಪೂಜಿಗೆ ಕುಂದ್ರೋ ದೇವರಿಗೆ ಹಳೇ ಬಿರುಕು ಯಾಕ ಬೇಕು?

ಮಾಸ್ತರ: ಸರಿ. ಹಂಗಾದ್ರ ಫೋಟೋ ನೋಡಿ ರಥದ ಗೋಪುರಾನೂ ಕಟ್ಟಿಬಿಡೋಣು?

ಚಿತ್ರಗಾರ: ಬ್ಯಾಡ್ರಿ.

ಮಾಸ್ತರ: ಯಾಕ? ಈಗಷ್ಟ ಹೊಸಾದು ಮಾಡೋದು ಧರ್ಮ ಅಂದಿ.

ಚಿತ್ರಗಾರ: ವಿರೂಪಾಕ್ಷಗ ದಿನಾ ಪೂಜಿ ನಡೀತೈತಿ. ಅಲ್ಲಿ ಬಣ್ಣ ಕೊಟ್ರ ಸೇವಾ. ವಿಠ್ಠಲ ಗುಡ್ಯಾಗ ಪೂಜಿ ಇಲ್ಲ. ಅಲ್ಲಿ ಕಟ್ಟಿದ್ರ ನೋಡಾಕ ಬಂದಾವ್ರಿಗೆ ಗೊಂಬಿ ಮಾಡಿ ಇಟ್ಟಂಗ. ಗೊಂಬಿ ಮಾಡಾಂವ ನಾನು, ಎರಡರ ಫರಕು ನನಗ ಗೊತ್ತೈತಿ. ಬಳಸೋ ಮಂದಿ ಇದ್ದಲ್ಲಿ ಹೊಸಾದು ಮಾಡ್ಬೇಕು, ಇಲ್ದಲ್ಲಿ ಇದ್ದಂಗ ಕಾಯಬೇಕು.

ಮಾಸ್ತರ: ಬಳಸೋ ಮಂದೀನ ಎಬ್ಬಿಸಿ ಕಳಿಸಿದ್ರ? ಈ ಡ್ಯಾಮಿಗೆ 1945ರಾಗ ಅಡಿಗಲ್ಲು ಬಿತ್ತು, 1953ರಾಗ ನೀರು ಬಿಟ್ರು. ಹಿನ್ನೀರಾಗ ನಾರಾಯಣದೇವರಕೆರಿ ಅನ್ನೋ ಊರು ಮುಳುಗಿತು. ಮಂದಿ ದೇವರನ್ನ ಹೊತ್ತು ಮರಿಯಮ್ಮನಹಳ್ಳಿಗೆ ಬಂದ್ರು. ಪೂಜಿ ಬಂತು, ಜಾತ್ರಿ ಬಂತು. ಓಣಿ ಹೆಂಗ ತಿರುಗ್ತಿತ್ತು, ಬಾವಿಕಟ್ಟಿ ಎಲ್ಲಿತ್ತು, ಅದು ಬರಲಿಲ್ಲ. ಮೆರವಣಿಗಿ ಹೊತ್ತು ತರಾಕ ಆಗದಿದ್ದುದು ಅಷ್ಟು ಐತಿ.

ಚಿತ್ರಗಾರ: ಮೇಣದ ಕಾಗದದಾಂವ ಅಲ್ಲಿಗೆ ಬಂದಿದ್ರ ಓಣಿ ಸಿಗ್ತಿತ್ತು. ಓಣ್ಯಾಗ ಓಡಾಡಿದಾವ್ರು ಸಿಗ್ತಿದ್ದಿಲ್ಲ.

ಮಾಸ್ತರ: ಅದಕ್ಕ ಅಂತೀನಿ, ಯಾವ ಚಿತ್ರಾನೂ ಜಾಗಾನ ಪೂರ್ತಿ ಹಿಡಿಯೂದಿಲ್ಲ. ಹಿಡಿಯಲಿಲ್ಲ ಅನ್ನೋದು ಅದರ ತಪ್ಪಲ್ಲ. ಪೂರ್ತಿ ಹಿಡದೈತಿ ಅಂತ ನಾವು ನಂಬೋದು ನಮ್ಮ ತಪ್ಪು. ಇಂಥಾ ಚಿತ್ರ ನೋಡಿ ನೋಡಿ ಹಂಪಿ ಅಂದ್ರ ಹಾಳುಬಿದ್ದ ಕಲ್ಲು ಅಂತ ತಲ್ಯಾಗ ಕುಂತೈತಿ. ವಿರೂಪಾಕ್ಷನ ತೇರು ಎಳಿಯೋ ಮಂದಿ ಲೆಕ್ಕಕ್ಕ ಬರವಲ್ರು.

ಚಿತ್ರಗಾರ: ಹಂಗಾದ್ರ ಇದಕ್ಕ ಫ್ರೇಮ್ ಹಾಕ್ಸಿದಾಗ ಕೆಳಗ ಒಂದು ಸಾಲು ಬರೀರಿ ಸರ: ಬೆಳಕು ಹತ್ತೋತನಕ ನಿಂತಾವ್ರಷ್ಟ ಇದರಾಗ ಅದಾರ, ಅಂತ.

ಮಾಸ್ತರ: ಬರೀತೀನಿ. ನಿಮ್ಮ ಛತ್ತಿನ ಕೆಳಗೂ ಒಂದು ಸಾಲು ಬರೀಬೇಕಾಗ್ತೈತಿ ಮತ್ತ: ಈ ಬಣ್ಣದ ಅಡಿಗೆ ಇನ್ನೊಬ್ಬರ ಬಣ್ಣ ಐತಿ, ಅಂತ.

ಚಿತ್ರಗಾರ: ಬರೀರಿ. ಅದರಾಗ ನಮಗೇನೂ ನಾಚಿಕಿ ಇಲ್ಲ.