ಸೊನ್ನೆ ದೂರು

ಆಫೀಸಿನಲ್ಲಿ ಯಾರಾದರೂ ಹೊಸ ಸಾಫ್ಟ್‌ವೇರ್ ತಂದು “ಇದರಲ್ಲಿ ಒಂದೂ ಬಗ್ ಇಲ್ಲ” ಅಂದರೆ, ಟೆಸ್ಟ್ ಮಾಡಿದ್ದು ಯಾರು ಅಂತ ಮೊದಲು ಕೇಳ್ತೀವಿ. ಅದೇ ನಾವು, ಕಾಲೇಜಿನವರು “ನಮ್ಮಲ್ಲಿ ಕಿರುಕುಳದ ದೂರು ಒಂದೂ ಇಲ್ಲ” ಅಂದರೆ ಸಮಾಧಾನವಾಗಿ ತಂಗಿಯ ಅಡ್ಮಿಷನ್ ಮಾಡಿಸಿ ಬರ್ತೀವಿ. ಅಪರಾಧ ಸೊನ್ನೆ ಇರೋದು ಬೇರೆ, ದೂರು ಸೊನ್ನೆ ಇರೋದು ಬೇರೆ.

2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ಹತ್ತಿರ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು. ಟೀಕೆ ಬಂದ ಮೇಲೆ ವಾಪಸ್ ತೆಗೆದುಕೊಂಡರು, ಸರಿ. ಆದರೆ ಇಂಥ ನಿಯಮ ಇರುವ ಕಡೆ ಏಳು ಗಂಟೆಗೆ ಒಬ್ಬಳಿಗೆ ತೊಂದರೆಯಾದರೆ ಅವಳು ಹೇಳ್ತಾಳಾ? “ಆ ಹೊತ್ತಲ್ಲಿ ನಿನಗೆ ಅಲ್ಲೇನು ಕೆಲಸ?” ಅನ್ನೋ ಪ್ರಶ್ನೆ ಕಾದು ಕೂತಿರತ್ತೆ. ದೂರು ಕೊಡಬೇಕಾದವಳೇ ನಿಯಮ ಮುರಿದವಳು!

ಅಮೆರಿಕದಲ್ಲಿ 1986ರಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದಳು. ಅಪ್ಪ ಅಮ್ಮ ಹೋರಾಡಿದರು. 1990ರಲ್ಲಿ ಬಂದ ಕಾನೂನಿನಿಂದಾಗಿ ಅಲ್ಲಿನ ಕಾಲೇಜುಗಳು ಪ್ರತಿ ವರ್ಷ ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ಬಹಿರಂಗ ಮಾಡಬೇಕು. ನಮ್ಮಲ್ಲೂ ಯುಜಿಸಿಯ 2015ರ ನಿಯಮಾವಳಿ ಇದೆ. ಆಂತರಿಕ ಸಮಿತಿ ಇರಬೇಕು, ಎಷ್ಟು ದೂರು ಬಂತು, ಏನಾಯ್ತು ಅನ್ನೋ ವಾರ್ಷಿಕ ವರದಿ ಆಯೋಗಕ್ಕೆ ಹೋಗಬೇಕು. ಅಡ್ಮಿಷನ್‌ಗೆ ಬಂದ ಅಪ್ಪನ ಕೈಗೆ ಆ ವರದಿ ಸಿಕ್ಕಿದ್ದನ್ನು ಮಾತ್ರ ನಾನಂತೂ ನೋಡಿಲ್ಲ.

ಚಿಕ್ಕ ವಿಶ್ವವಿದ್ಯಾಲಯದ ಕಷ್ಟ ಇನ್ನೊಂದು ಥರ. ಇಪ್ಪತ್ತು ಜನರ ವಿಭಾಗದಲ್ಲಿ “ಒಂದು ದೂರು” ಅಂತ ನೋಟಿಸ್ ಹಾಕಿದರೆ, ಅದು ಯಾರದ್ದು ಅಂತ ಸಂಜೆಯೊಳಗೆ ಕ್ಯಾಂಟೀನಿನವನಿಗೂ ಗೊತ್ತು. ಸುದ್ದಿ ಹೊಸಬಾಳೆಗೋ ಶಿಕಾರಿಪುರಕ್ಕೋ ಮುಟ್ಟಿದರೆ ಅಪ್ಪ ಮೊದಲ ಬಸ್ಸಿಗೇ ಬಂದು “ಓದಿದ್ದು ಸಾಕು, ನಡಿ ಮನೆಗೆ” ಅಂತಾನೆ. ತಪ್ಪು ಮಾಡಿದವನು ಕ್ಲಾಸಿನಲ್ಲೇ ಇರ್ತಾನೆ. ಅದಕ್ಕೇ “ಬಿಡಮ್ಮಾ, ಪರೀಕ್ಷೆ ಮುಗಿಸ್ಕೋ” ಅನ್ನೋ ಮೇಡಂ ಮಾತಿನಲ್ಲಿ ನಿಜವಾದ ಅಕ್ಕರೆಯೂ ಇರತ್ತೆ. ಅವರನ್ನು ಸುಮ್ಮನೆ ಬೈಯೋದು ಸುಲಭ.

ಹಾಗಾದರೆ ಮುಂದಿನ ಬ್ಯಾಚಿನ ಹುಡುಗಿಯರಿಗೋಸ್ಕರ ಇವಳು ತನ್ನ ಓದನ್ನು ಪಣಕ್ಕಿಡಬೇಕಾ? ಬೇಡ. ಆ ಋಣ ಅವಳದ್ದಲ್ಲ, ಸಂಸ್ಥೆಯದ್ದು. 2013ರ ಕಾಯ್ದೆ ದೂರು ಕೊಟ್ಟವಳ ಗುರುತನ್ನು ಮುಚ್ಚಿಡಿ ಅನ್ನತ್ತೆ. ಹೆಸರು ಮುಚ್ಚೋದು ಕರುಣೆ, ಘಟನೆಯನ್ನೇ ಮುಚ್ಚೋದು ವ್ಯವಹಾರ. ವಿಭಾಗದ ಲೆಕ್ಕ ಬೇಡ, ಇಡೀ ವಿಶ್ವವಿದ್ಯಾಲಯದ ಮೂರು ವರ್ಷದ ಮೊತ್ತ ಕೊಡಲಿ. ಯಾವ ರಸ್ತೆಯಲ್ಲಿ ದೀಪ ಇಲ್ಲ, ಎಲ್ಲಿ ಹೆಚ್ಚು ತೊಂದರೆ ಅಂತ ಹೇಳಲಿ. ಇದರಿಂದ ಯಾವ ಹುಡುಗಿಯ ಗುರುತೂ ಹೊರಬೀಳಲ್ಲ.

ಹಾಸ್ಟೆಲ್ ಊಟ ಹೇಗಿದೆ, ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳೋ ನಾವು ಇದನ್ನೂ ಕೇಳಬಹುದು: ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ದೂರು ಬಂತು, ಎಷ್ಟು ತೀರ್ಮಾನವಾಯಿತು? “ಐದು ಬಂದಿತ್ತು, ನಾಲ್ಕು ಮುಗಿಸಿದ್ದೀವಿ” ಅನ್ನೋ ಕಾಲೇಜು ಸಿಕ್ಕರೆ ನಾನು ಅಲ್ಲೇ ಫೀಸು ಕಟ್ತೀನಿ. ಅಪ್ಪನನ್ನು ಒಪ್ಪಿಸೋದು ಮಾತ್ರ ಕಷ್ಟ.