ಬಿಡುವಿನ ಲೆಕ್ಕ

'ನಿಮಗೇನ್ರೀ ಟೀಚರ್ರೇ, ಸಾಲಿ ಬಿಟ್ಟ ಮ್ಯಾಲೆ ಖಾಲಿನ ಇರ್ತೀರಲ್ಲ!' ನಮ್ಮ ಮಾಗಳದಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಖಾಲಿ ಇರುವುದೂ ಬಿಡುವಾಗಿರುವುದೂ ಒಂದೇ ಏನು? ಈ ಪ್ರಶ್ನೆಗೆ ದಾರಿ ಕಂಡದ್ದು ಕಂಪ್ಯೂಟರಿನ ನೆನಪಿನ ಲೆಕ್ಕದಲ್ಲಿ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಇಂದು ನಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ಡಿಸ್ಕಿನಿಂದ ಓದಿದ ಕಡತವನ್ನು ಅದು ಕೆಲಸ ಮುಗಿದೊಡನೆ ರ್‍ಯಾಮಿನಿಂದ ಅಳಿಸುವುದಿಲ್ಲ. ಮತ್ತೆ ಬೇಕಾದೀತೆಂದು ಜಾಗವಿರುವ ತನಕ ಕೈಗೆಟಕುವಂತೆ ಇಟ್ಟುಕೊಳ್ಳುತ್ತದೆ. ಅದಕ್ಕೆ 'ಕ್ಯಾಶ್' ಎನ್ನುತ್ತಾರೆ. ರೊಕ್ಕವಲ್ಲ, ಉಚ್ಚಾರ ಮಾತ್ರ ಅದೇ! ಉಗ್ರಾಣದ ಮೆಣಸಿನಕಾಯಿಯಲ್ಲಿ ಒಂದಿಷ್ಟನ್ನು ಒಲೆಯ ಪಕ್ಕದ ಡಬ್ಬಿಗೆ ಹಾಕಿಟ್ಟಂತೆ. ಆದ್ದರಿಂದಲೇ 'ಖಾಲಿ' ಎಂದು ತೋರುವ ಅಂಕಿ ಬಹಳ ಸಣ್ಣದಿರುತ್ತದೆ, ನೋಡಿದವರಿಗೆ ಗಾಬರಿ. ಆದರೆ ಹೊಸ ಕೆಲಸ ಬಂದರೆ, ಸಾಮಾನ್ಯವಾಗಿ ಬಹಳ ಹೊತ್ತು ಮುಟ್ಟದಿದ್ದುದನ್ನು ಮೊದಲು ಬಿಟ್ಟು ಅದು ಜಾಗ ಕೊಡುತ್ತದೆ. 2014ರಲ್ಲಿ ಬಂದ ಲಿನಕ್ಸ್ 3.14ರಿಂದ 'ಖಾಲಿ'ಯ ಜೊತೆಗೆ 'ಲಭ್ಯ' ಎಂಬ ಬೇರೊಂದು ಅಂದಾಜನ್ನೂ ಅದು ಕೊಡುತ್ತಿದೆ.

ಹೆಣ್ಣುಮಕ್ಕಳ ಹೊತ್ತನ್ನು ನಮ್ಮ ಮನೆಗಳು ಬಹಳ ಹಿಂದೆಯೇ ಈ 'ಲಭ್ಯ'ಕ್ಕೆ ಸೇರಿಸಿಬಿಟ್ಟಿವೆ. ಪುಸ್ತಕ ಹಿಡಿದಿರಲಿ, ಹಾಡು ಕಲಿಯುತ್ತಿರಲಿ, ಕರೆದೊಡನೆ ಏಳಬೇಕು. ಏಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಸಿದವರು ಬಂದಾಗ ಪುಸ್ತಕ ಮುಚ್ಚಿಡುವುದು ದೊಡ್ಡ ಗುಣ. ಪುಸ್ತಕವೆಲ್ಲಿ ಓಡಿಹೋಗುತ್ತದೆ? ನಾಳೆಯೂ ಕಪಾಟಿನಲ್ಲಿಯೇ ಇರುತ್ತದೆ.

ಆದರೆ ಯಂತ್ರಕ್ಕೊಂದು ನೀತಿಯಿದೆ, ಅದನ್ನು ನಾವು ಗಮನಿಸಬೇಕು. ಹಿಂದುಮುಂದು ನೋಡದೆ ಅದು ಬಿಟ್ಟುಕೊಡುವುದು ಡಿಸ್ಕಿನಲ್ಲಿ ಪ್ರತಿ ಇರುವುದನ್ನು ಮಾತ್ರ. ಕಡತದ ಪುಟವೊಂದು ತಿದ್ದುಪಡಿಯಾಗಿ ಇನ್ನೂ ಡಿಸ್ಕಿಗೆ ಸೇರದಿದ್ದರೆ, ಮೊದಲು ಬರೆದಿಡುತ್ತದೆ. ಆಮೇಲೆಯೇ ಜಾಗ ತೆರವು. ಹೊಸ ಕೆಲಸ ಎಷ್ಟೇ ಅವಸರಪಡಿಸಲಿ, ಆ ಪುಟದ ಜಾಗ ಬೇಕೆಂದರೆ ಅಷ್ಟು ಹೊತ್ತು ಕಾಯಬೇಕು.

ಆಗತಾನೇ ಮೂಡಿದ ವಿಚಾರಕ್ಕೆ, ಅರ್ಧ ಬರೆದ ಪತ್ರಕ್ಕೆ, ಮಗಳು ಧೈರ್ಯ ತಂದುಕೊಂಡು ಹೇಳಹೊರಟ ಮಾತಿಗೆ ಯಾವ ಉಗ್ರಾಣದಲ್ಲಿ ಪ್ರತಿಯಿದೆ? ಅಲ್ಲಿಗೇ ಬಿಟ್ಟೆದ್ದರೆ ಅದು ಹೋಯಿತು. ಎಷ್ಟು ಹೆಂಗಸರ ಎಷ್ಟು ಮಾತುಗಳು ಹೀಗೆ ಒಲೆಯ ಮುಂದೆ ಆವಿಯಾಗಿ ಹೋಗಿವೆಯೋ, ಲೆಕ್ಕ ಇಟ್ಟವರಾರು?

ನಾವು ಕಲಿಯಬೇಕಾದ ವಿವೇಕ ಇಷ್ಟೇ: ಯಾವುದಕ್ಕೆ ಪ್ರತಿಯಿದೆ, ಯಾವುದಕ್ಕಿಲ್ಲ ಎಂದು ಗುರುತಿಸುವುದು. ಪ್ರತಿಯಿದ್ದುದನ್ನು ನಗುನಗುತ್ತಾ ಬಿಟ್ಟುಕೊಡೋಣ. ಇಲ್ಲದುದಕ್ಕೆ 'ತಡೀರಿ, ಇದೊಂದು ಮುಗಿಸಿ ಬರ್ತೀನಿ' ಎಂದು ಹೇಳೋಣ. ಅದು ಸ್ವಾರ್ಥವಲ್ಲ. ಕೇಳಿದವರು ಆ ಐದು ನಿಮಿಷ ಕಾದರೆ, ಅದು ನಮಗೆ ಮಾಡಿದ ಉಪಕಾರವೂ ಅಲ್ಲ, ನ್ಯಾಯ.