ಲೆಕ್ಕಕ್ಕಿಲ್ಲದ ಕೈ

ಶಿಡ್ಲಘಟ್ಟದ ಬಳಿಯ ನನ್ನ ತವರಿನಲ್ಲಿ ರೇಷ್ಮೆಗೂಡು ಕೈಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಸಾರ ಸಾಗುವುದು ಡೈರಿಯ ಬಟವಾಡೆಯಿಂದ. ನಾಲ್ಕು ಸೀಮೆಹಸುಗಳಿವೆ. ಮೊನ್ನೆ ಹೋದಾಗ ಅಣ್ಣ ಹಾಲು ಕರೆಯುವ ಮಿಷನ್ನಿನ ಲೆಕ್ಕ ಹಾಕುತ್ತಿದ್ದ. ಬೆಲೆ 45 ಸಾವಿರ. ಮೇಲೆ ಕರೆಂಟು, ರಿಪೇರಿ, ಬಡ್ಡಿ. "ಗಿಟ್ಟೋದಿಲ್ಲಮ್ಮ" ಎಂದ.

"ಈಗ ಕರೆಯೋ ಖರ್ಚು ಎಷ್ಟು ಹಾಕಿದ್ದೀಯಣ್ಣಾ?"

"ಅದಕ್ಕೇನು ಖರ್ಚು? ನಿಮ್ಮತ್ತಿಗೆ ಕರೀತಾಳಲ್ಲ."

ಅತ್ತಿಗೆ ಮಾತಾಡಲಿಲ್ಲ. ಹೆಬ್ಬೆರಳು ನೀವಿಕೊಳ್ಳುತ್ತಿದ್ದರು.

ನಾನೇ ಪೆನ್ನು ತೆಗೆದುಕೊಂಡೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ವರ್ಷಕ್ಕೆ 730 ಗಂಟೆ. ಎಂಟು ಗಂಟೆಗೆ ಒಂದು ದಿನವೆಂದರೆ 91 ದಿನದ ಕೂಲಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ 370 ರೂಪಾಯಿ. ಅದರಂತೆ ಹತ್ತಿರಹತ್ತಿರ 34 ಸಾವಿರ. ಮಿಷನ್ ಬಂದರೂ ಕೆಚ್ಚಲು ಒರೆಸಬೇಕು, ಪಾತ್ರೆ, ಪೈಪು ತೊಳೆಯಬೇಕು. ಅರ್ಧ ಉಳಿದರೂ ವರ್ಷಕ್ಕೆ 17 ಸಾವಿರವಾಯಿತು.

ನೆದರ್ಲೆಂಡ್ಸಿನ ಕೊಟ್ಟಿಗೆಗಳಿಗೆ ಮನುಷ್ಯರ ಕೈಯೇ ತಾಕದೆ ಹಾಲು ಕರೆಯುವ ಯಂತ್ರ ಬಂದದ್ದು 1992ರಲ್ಲಿ. ಅಲ್ಲಿ ಕೂಲಿ ದುಬಾರಿ, ಹಾಗಾಗಿ ಅಷ್ಟು ಬೆಲೆಯ ಯಂತ್ರವನ್ನೂ ಕೊಳ್ಳುವ ಯೋಚನೆ ಮಾಡಿದರು. ನಮ್ಮಲ್ಲಿ ಕೈ ಪುಕ್ಕಟೆ, ಹಾಗಾಗಿ ಸಣ್ಣ ಮಿಷನ್ನೂ ದುಬಾರಿ.

"ಆ ದುಡ್ಡು ನನ್ನ ಕೈಗೆ ಬರಲ್ವಲ್ಲ" ಎಂದ ಅಣ್ಣ. ನಿಜ, ಅದು ಉಳಿಯುವುದು ಅತ್ತಿಗೆಯ ಮೈಯಲ್ಲಿ. ಮನೆಯವರಿಗಾಗಿ ಮಾಡುವ ಕೆಲಸಕ್ಕೆ ಕೂಲಿ ಕೇಳಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕೂಲಿ ಕೊಡದಿರುವುದು ಬೇರೆ, ಸೊನ್ನೆ ಎಂದು ಬರೆಯುವುದು ಬೇರೆ ಅಲ್ಲವೇ?

ಹೊರಡುವಾಗ ಅತ್ತಿಗೆಯನ್ನೇ ಕೇಳಿದೆ, ಮಿಷನ್ ಬಂದರೆ ಏನು ಮಾಡುತ್ತೀರಿ ಎಂದು.

"ಇನ್ನೊಂದು ಅರ್ಧ ಗಂಟೆ ಮಲಗ್ತೀನಮ್ಮ" ಎಂದರು.